ಉಂಗುರ ಎಣಿಸಿ ಎದೆಗಾರಿಕೆ ಅಳೆಯಬೇಡಿ

ಸೂಪರ್ ಬೌಲ್ ಶುರುವಾಗುವಾಗ ನಮ್ಮಲ್ಲಿ ಸೋಮವಾರ ಬೆಳಗಿನ ಐದು ಗಂಟೆ. ಆ ಹೊತ್ತಿಗೆ ಅಲಾರಂ ಇಟ್ಟು ಏಳುವವರು ನಮ್ಮ ನಡುವೆಯೂ ಇದ್ದಾರೆ. ಅವರ ಗುಂಪುಗಳಲ್ಲಿ ಜನವರಿ ಬಂತೆಂದರೆ ಒಂದೇ ಜಗಳ: ಪ್ಲೇಆಫ್ ಒತ್ತಡದಲ್ಲಿ ಎಲ್ಲರಿಗಿಂತ ಗಟ್ಟಿ ಕ್ವಾರ್ಟರ್‌ಬ್ಯಾಕ್ ಯಾರು? ಯಾರೋ ಒಬ್ಬರು 'ಬ್ರೇಡಿ, ಏಳು ಉಂಗುರ' ಎನ್ನುತ್ತಾರೆ, ಚರ್ಚೆ ಮುಗಿದುಹೋಗುತ್ತದೆ.

ಮುಗಿಯಬಾರದು. ಉಂಗುರ ಸಿಗುವುದು ತಂಡ ಗೆದ್ದದ್ದಕ್ಕೆ. 2015ರ ಫೆಬ್ರವರಿಯಲ್ಲಿ ಸಿಯಾಟಲ್ ತಂಡ ಗೆಲುವಿನಿಂದ ಒಂದೇ ಗಜ ದೂರದಲ್ಲಿತ್ತು. ಕೊನೆಯ ಕ್ವಾರ್ಟರ್‌ನಲ್ಲಿ ಹತ್ತು ಅಂಕಗಳ ಹಿನ್ನಡೆ ಅಳಿಸಿದ್ದು ಬ್ರೇಡಿಯೇ, ನಿಜ. ಆದರೆ ಆ ಕ್ಷಣದಲ್ಲಿ ಆತ ಮೈದಾನದ ಹೊರಗಿದ್ದ; ಚೆಂಡು ಕಸಿದು ಪಂದ್ಯ ಉಳಿಸಿದ್ದು ಮಾಲ್ಕಂ ಬಟ್ಲರ್. ಮೂರು ವರ್ಷದ ನಂತರ ಅದೇ ಬ್ರೇಡಿ ಸೂಪರ್ ಬೌಲ್‌ನಲ್ಲಿ 505 ಗಜ ಎಸೆದು 41-33ರಿಂದ ಸೋತ. ಇನ್ನು ಪೇಟನ್ ಮ್ಯಾನಿಂಗ್ 2016ರಲ್ಲಿ ಬರೀ 141 ಗಜ ಎಸೆದು, ಒಂದೂ ಟಚ್‌ಡೌನ್ ಪಾಸ್ ಇಲ್ಲದೆ, ಉಂಗುರ ತೊಟ್ಟ. ಡೆನ್ವರ್‌ನ ರಕ್ಷಣಾ ಪಡೆ ಅವನನ್ನು ಹೊತ್ತು ದಡ ಸೇರಿಸಿತು.

ನನ್ನ ಅಳತೆ ಬೇರೆ. ಚೆಂಡು ಕೈಯಲ್ಲಿದೆ, ಗಡಿಯಾರ ಓಡುತ್ತಿದೆ, ತಪ್ಪಿದರೆ ಮನೆಗೆ. ಆಗ ಏನು ಮಾಡಿದ?

2022ರ ಜನವರಿ 23, ಕಾನ್ಸಾಸ್ ಸಿಟಿ. ಬಫಲೋದ ಜಾಶ್ ಅಲೆನ್‌ಗೆ ನಾಲ್ಕನೇ, ಅಂದರೆ ಕೊನೆಯ ಪ್ರಯತ್ನ. ಬೇಕಿದ್ದದ್ದು 13 ಗಜ. ಎಸೆದದ್ದು 27 ಗಜದ ಟಚ್‌ಡೌನ್. ಪ್ಯಾಟ್ರಿಕ್ ಮಹೋಮ್ಸ್ ಒಂದು ನಿಮಿಷದೊಳಗೆ ಉತ್ತರಿಸಿದ. ಅಲೆನ್ ಮತ್ತೆ ತಂಡವನ್ನು ನಡೆಸಿಕೊಂಡು ಹೋಗಿ ಇನ್ನೊಂದು ಟಚ್‌ಡೌನ್ ಎಸೆದ. 36-33, ಉಳಿದದ್ದು 13 ಸೆಕೆಂಡ್. ಮಹೋಮ್ಸ್‌ಗೆ ಅಷ್ಟೇ ಸಾಕಾಯಿತು: ಎರಡು ಪಾಸ್, 44 ಗಜ, ಆಮೇಲೆ ಬಟ್ಕರ್ ಒದ್ದ ಫೀಲ್ಡ್ ಗೋಲ್, ಸಮ. ಕೊನೆಯ ಎರಡು ನಿಮಿಷದಲ್ಲಿ ಎರಡೂ ತಂಡ ಸೇರಿ 25 ಅಂಕ! ಹೆಚ್ಚುವರಿ ಸಮಯದ ಟಾಸ್ ಕಾನ್ಸಾಸ್ ಸಿಟಿಗೆ ಬಿತ್ತು, ಮೊದಲ ಸರದಿಯಲ್ಲೇ ಟಚ್‌ಡೌನ್ ಬಂತು, ಅಲ್ಲಿಗೆ ಮುಗಿಯಿತು. ನಾಲ್ಕು ಟಚ್‌ಡೌನ್ ಎಸೆದು ಒಂದೂ ಚೆಂಡು ಕಳೆದುಕೊಳ್ಳದ ಅಲೆನ್‌ಗೆ ಚೆಂಡು ಮುಟ್ಟುವ ಅವಕಾಶವೇ ಸಿಗಲಿಲ್ಲ. ಅದೇ ವರ್ಷ ಲೀಗ್ ಪ್ಲೇಆಫ್ ನಿಯಮ ಬದಲಿಸಿ ಎರಡೂ ತಂಡಗಳಿಗೆ ಸರದಿ ಕೊಟ್ಟಿತು. (2019ರ ವಿಶ್ವಕಪ್ ಫೈನಲ್‌ನಲ್ಲಿ ಬೌಂಡರಿ ಲೆಕ್ಕದಲ್ಲಿ ಸೋತ ನ್ಯೂಜಿಲೆಂಡ್ ನೆನಪಿದೆಯಲ್ಲ? ಅಲ್ಲೂ ನಿಯಮ ಬದಲಾದದ್ದು ಸೋಲಿನ ನಂತರವೇ.)

ಉಂಗುರದ ಲೆಕ್ಕದಲ್ಲಿ ಆ ರಾತ್ರಿ ಅಲೆನ್‌ಗೆ ಸೊನ್ನೆ. ಅದು ಲೆಕ್ಕವೇ?

'ತಣ್ಣನೆಯ ರಕ್ತ' ಎಂಬ ಮಾತನ್ನೂ ನಾನು ನಂಬುವುದಿಲ್ಲ. 1989ರ ಸೂಪರ್ ಬೌಲ್‌ನಲ್ಲಿ 92 ಗಜ ನಡೆಸಿ, 34 ಸೆಕೆಂಡ್ ಇರುವಾಗ ಗೆಲುವಿನ ಪಾಸ್ ಎಸೆದ ಜೋ ಮೊಂಟಾನಾ ಅದಕ್ಕೆ ಸದಾ ಉದಾಹರಣೆ. ಅದಕ್ಕೂ ಮುಂಚಿನ ಮೂರು ಸೀಸನ್‌ಗಳಲ್ಲಿ ಆತ ಮೊದಲ ಪ್ಲೇಆಫ್ ಪಂದ್ಯದಲ್ಲೇ ಸೋತಿದ್ದ. ಮೂರನೆಯದರಲ್ಲಿ ಪಂದ್ಯದ ನಡುವೆಯೇ ಅವನನ್ನು ಕೂರಿಸಿದ್ದರು. ರಕ್ತ ಅದೇ ಇತ್ತಲ್ಲ? ಈ ಆಟದಲ್ಲಿ ಒತ್ತಡವೆಂದರೆ ಮನಸ್ಸಿನದಷ್ಟೇ ಅಲ್ಲ, ಮೈಮೇಲೆ ಬೀಳುವ ನೂರಿಪ್ಪತ್ತು ಕೇಜಿಯ ಆಳು ಕೂಡ. 2025ರಲ್ಲಿ ಫಿಲಡೆಲ್ಫಿಯಾ ಮಹೋಮ್ಸ್‌ನನ್ನು ಆರು ಸಲ ಕೆಡವಿತು, 40-22.

ಆದರೂ ನನ್ನ ಮೊದಲ ಮತ ಮಹೋಮ್ಸ್‌ಗೇ. 2024ರ ಫೈನಲ್‌ನ ಹೆಚ್ಚುವರಿ ಸಮಯದಲ್ಲಿ ಮೂರು ಅಂಕ ಹಿಂದಿದ್ದು, ನಾಲ್ಕನೇ ಪ್ರಯತ್ನಕ್ಕೆ ಒಂದು ಗಜ ಬೇಕಿದ್ದಾಗ, ತಾನೇ ಚೆಂಡು ಹಿಡಿದು ಎಂಟು ಗಜ ಓಡಿದ. ಸಿಕ್ಕಿಬಿದ್ದಿದ್ದರೆ ಕಪ್ ಹೋಗುತ್ತಿತ್ತು. ಆ ಸರದಿ 75 ಗಜ ಸಾಗಿ ಟಚ್‌ಡೌನ್‌ನಲ್ಲಿ ಮುಗಿಯಿತು. ಎರಡನೆಯವನು ಬ್ರೇಡಿ, 28-3ರಿಂದ ಎದ್ದುಬಂದ 2017ರ ಆ ಒಂದು ರಾತ್ರಿಗಾಗಿ, ಏಳು ಉಂಗುರಕ್ಕಲ್ಲ. ಪ್ಲೇಆಫ್‌ನಲ್ಲಿ ಮಹೋಮ್ಸ್‌ನ ತಂಡಕ್ಕೆ ನಾಲ್ಕು ಸಲ ಸೋತ ಅಲೆನ್‌ನನ್ನು ಎಲ್ಲಿಡುತ್ತೀರಿ ಅಂತ ಕೇಳಿದರೆ, ಎರಡು ಉಂಗುರದ ಪೇಟನ್ ಮ್ಯಾನಿಂಗ್‌ಗಿಂತ ಮೇಲೆ.