ಎರೆನೆಲಕ್ಕೆ ಹಾರುಬೂದಿ: ಮದ್ದೋ, ಕಸವೋ?

ಮೋಟೆಬೆನ್ನೂರು, ಬ್ಯಾಡಗಿ, ರಾಣೆಬೆನ್ನೂರು ಸೀಮೆಯ ಎರೆಭೂಮಿಯಲ್ಲಿ ಮನೆ ಕಟ್ಟಿದವರಿಗೆ ಆ ಮಣ್ಣಿನ ಸ್ವಭಾವವನ್ನು ಹೇಳಿಕೊಡಬೇಕಾಗಿಲ್ಲ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಾಯ್ದೆರೆಯುವ ನೆಲದೊಡನೆ ಗೋಡೆಯೂ ಬಿರಿಯುತ್ತದೆ. ಭೂಮಿ ನಡುಗಿದರೆ ಮೊದಲು ಕುಸಿಯುವುದು ಹೀಗೆ ಬಿರಿದ ಗೋಡೆಯೇ.

2002ರ ಭೂಕಂಪ ವಲಯ ನಕ್ಷೆ ಹಾವೇರಿಯನ್ನು ಕಡಿಮೆ ಅಪಾಯದ ಎರಡನೆಯ ವಲಯದಲ್ಲಿರಿಸಿತು. ಆದರೆ ನಕ್ಷೆಯನ್ನೇ ನೆಚ್ಚುವಂತಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಕಿಲ್ಲಾರಿ ಪ್ರದೇಶದಲ್ಲಿ ಸುಮಾರು 10 ಸಾವಿರ ಜನ ಮಡಿದಾಗ, ಆ ಎರೆನಾಡು ಅಂದಿನ ನಕ್ಷೆಯಲ್ಲಿ ಎಲ್ಲಕ್ಕಿಂತ ಸುರಕ್ಷಿತವೆನಿಸಿದ ಮೊದಲನೆಯ ವಲಯದಲ್ಲಿತ್ತು!

ಇಂಥ ಮಣ್ಣಿಗೆ ಸುಣ್ಣದೊಡನೆ ಉಷ್ಣವಿದ್ಯುತ್ ಸ್ಥಾವರದ ಹಾರುಬೂದಿಯನ್ನೋ ಉಕ್ಕಿನ ಕಾರ್ಖಾನೆಯ ಕಿಟ್ಟದ ನುಣ್ಣನೆಯ ಪುಡಿಯನ್ನೋ ಬೆರೆಸಿ ಬಲಪಡಿಸುವ ವಿಧಾನವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ದಶಕಗಳಿಂದ ಅಭ್ಯಸಿಸಿದ್ದಾರೆ. ಸುಣ್ಣ ಜೇಡಿಯ ಉಬ್ಬುವ ಗುಣವನ್ನು ತಗ್ಗಿಸುತ್ತದೆ. ಬಳಿಕ ಬೂದಿಯ ಸಿಲಿಕಾದೊಡನೆ ಕೂಡಿ ಸಿಮೆಂಟಿನಂಥ ಬಂಧವನ್ನು ನಿಧಾನವಾಗಿ ಕಟ್ಟುತ್ತದೆ. ಶಕ್ತಿನಗರ, ಕುಡತಿನಿಗಳಲ್ಲಿ ಬೂದಿಯಿದೆ, ತೋರಣಗಲ್ಲಿನಲ್ಲಿ ಕಿಟ್ಟವಿದೆ. ಬೆಟ್ಟ ಅಗೆದು ಗರಸು ತರುವುದಕ್ಕಿಂತ ಇದು ಲೇಸೆಂಬುದು ನಿಜ.

ಆದರೆ ಇದರಲ್ಲಿ ಯಾರ ಅವಸರ ಎಷ್ಟಿದೆ ಎಂಬುದನ್ನೂ ನೋಡಬೇಕು. 1999ರಿಂದ ಬಿಗಿಯಾಗುತ್ತ ಬಂದ ಕೇಂದ್ರದ ಅಧಿಸೂಚನೆಗಳು 2021ರಲ್ಲಿ ಹಾರುಬೂದಿಯ ಸಂಪೂರ್ಣ ಬಳಕೆಯ ಹೊಣೆಯನ್ನು ಸ್ಥಾವರಗಳ ಮೇಲೆ ಹೊರಿಸಿದವು. ಬೂದಿ ಸಾಗಿದರೆ ಸಾಕು ಎನ್ನುವವರಿಗೆ ಅದು ಎಲ್ಲಿ ಬಿದ್ದರೇನು? ನಮ್ಮ ಕಲ್ಲಿದ್ದಲಿನ ಬೂದಿಯಲ್ಲಿ ಸುಣ್ಣದಂಶ ಕಡಿಮೆ. ಸುಣ್ಣದ ಖರ್ಚನ್ನು ಉಳಿಸಿ ಬರಿಯ ಬೂದಿ ಸುರಿದರೆ ನಿರೀಕ್ಷಿಸಿದ ಗಟ್ಟಿತನ ಬಾರದು. ಮಣ್ಣಿನಲ್ಲಿ ಸಲ್ಫೇಟ್ ಹೆಚ್ಚಿದ್ದರೆ ಸುಣ್ಣ ಬೆರೆತ ನೆಲ ಮೊದಲಿಗಿಂತಲೂ ಹೆಚ್ಚು ಉಬ್ಬೀತು. ಬೂದಿಯಲ್ಲಿರುವ ಆರ್ಸೆನಿಕ್, ಕ್ರೋಮಿಯಂಗಳು ಬಸಿದು ಬಾವಿಯನ್ನೋ ಕೆರೆಯನ್ನೋ ಸೇರಬಹುದು. ಆದುದರಿಂದ ಮಣ್ಣು ಮತ್ತು ಬೂದಿ ಎರಡರ ಪರೀಕ್ಷಾ ವರದಿ ಪಂಚಾಯಿತಿಯ ಕೈಸೇರುವ ಮುನ್ನ ಒಂದು ಲಾರಿಯೂ ಇಳಿಯಕೂಡದು. ಪರೀಕ್ಷೆಯ ವೆಚ್ಚವನ್ನು ಬೂದಿ ಉತ್ಪಾದಿಸಿದವರೇ ಭರಿಸಬೇಕು.

ನೆಲವೊಂದೇ ಗಟ್ಟಿಯಾದರೆ ಮನೆ ಉಳಿಯುವುದೂ ಇಲ್ಲ. ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಮುಖ್ಯವಾಗಿ ಮಣ್ಣಿನಿಂದ ಕಟ್ಟಿದ ದಪ್ಪ ಕಲ್ಲುಗೋಡೆ ಮತ್ತು ಅದರ ಮೇಲಿನ ಭಾರವಾದ ಮಣ್ಣಿನ ಮಾಳಿಗೆ. ಬಾಗಿಲು, ಕಿಟಕಿಗಳ ಮೇಲ್ಮಟ್ಟದಲ್ಲಿ ಮನೆಯ ಸುತ್ತ ಒಂದೇ ಸಮನೆ ಹಾಯುವ ಕಾಂಕ್ರೀಟಿನ ಪಟ್ಟಿ ಗೋಡೆಗಳನ್ನು ಒಂದಕ್ಕೊಂದು ಹಿಡಿದಿಡುತ್ತದೆ. ವಸತಿ ಯೋಜನೆಯ ಮನೆಗಳಲ್ಲಿ ಈ ಪಟ್ಟಿಯ ಕಬ್ಬಿಣವನ್ನು ಉಳಿಸಿ ಆ ಹಣವನ್ನು ಬೂದಿಯ ಸಾಗಾಣಿಕೆಗೆ ತೆರುವ ಅಂದಾಜುಪಟ್ಟಿ ಬಂದರೆ ಗ್ರಾಮಸಭೆ ಅದನ್ನು ಹಿಂದಕ್ಕೆ ಕಳುಹಿಸಬೇಕು.