ಟ್ವೈಲೈಟ್ ಝೋನ್: ಮಾಲೆಯೂ ಚಲಚ್ಚಿತ್ರವೂ

ಪ್ರಸಿದ್ಧವಾದ ಒಂದು ಕೃತಿಯನ್ನು ಅದರ ಸಹಜರೂಪದಿಂದ ಬಿಡಿಸಿ ಬೇರೊಂದು ರೂಪಕ್ಕೆ ತರಹೊರಡುವವರು ಮೊದಲು ವಿಚಾರಿಸಬೇಕಾದ ವಿಷಯ ಒಂದೇ: ಇದರ ಜೀವವಿರುವುದು ಎಲ್ಲಿ? ಇದನ್ನು ವಿಚಾರಿಸದೆ ಹೆಸರಿನ ಬಲವನ್ನೇ ನಂಬಿ ಹೊರಟರೆ ಏನಾಗುವುದೆಂಬುದಕ್ಕೆ, ಅಮೆರಿಕಾ ದೇಶದಲ್ಲಿ ೧೯೮೩ರಲ್ಲಿ ತೆರೆಕಂಡ ‘ಟ್ವೈಲೈಟ್ ಝೋನ್: ದಿ ಮೂವಿ’ ಎಂಬ ಚಲಚ್ಚಿತ್ರವು ತಕ್ಕ ದೃಷ್ಟಾಂತವಾಗಿದೆ. ಅದನ್ನು ಇಂದಿಗೂ ಕೊಂಡಾಡತಕ್ಕವರುಂಟು. ಹಳೆಯ ಕೃತಿಗೆ ಹೊಸಬರು ಸಲ್ಲಿಸಿದ ಪೂಜೆಯೆಂದು ಹೇಳತಕ್ಕವರೂ ಉಂಟು. ಪೂಜೆಯ ನೆವದಿಂದ ವಿಗ್ರಹವನ್ನೇ ಭಗ್ನಮಾಡಿದರೆ ಅದನ್ನು ಪೂಜೆಯೆಂದು ಒಪ್ಪುವುದು ಹೇಗೆ?

ಮೂಲವಾದ ಕಥಾಮಾಲೆಯು ಸಿ.ಬಿ.ಎಸ್. ಸಂಸ್ಥೆಯ ದೂರದರ್ಶನದಲ್ಲಿ ೧೯೫೯ರ ಅಕ್ಟೋಬರ್ ೨ರಂದು ಆರಂಭವಾಗಿ ೧೯೬೪ರ ಜೂನ್ ತಿಂಗಳವರೆಗೆ ಐದು ಆವೃತ್ತಿಗಳಲ್ಲಿ ನಡೆಯಿತು. ಒಟ್ಟು ಕಥೆಗಳು ೧೫೬. ಅವುಗಳಲ್ಲಿ ೯೨ನ್ನು ಮಾಲೆಯ ಕರ್ತೃವಾದ ರಾಡ್ ಸರ್ಲಿಂಗನೇ ಬರೆದನು. ಬೆಳಕು ಕತ್ತಲೆಗಳು ಕೂಡುವ ಸಂಧ್ಯಾಪ್ರದೇಶವೆಂಬುದೇ ಮಾಲೆಯ ಹೆಸರಿನ ಅರ್ಥ. ಎರಡನೆಯ ಮಹಾಯುದ್ಧದಲ್ಲಿ ಫಿಲಿಪೈನ್ಸ್ ದ್ವೀಪಗಳಲ್ಲಿ ಕಾದಿ ಬಂದಿದ್ದ ಸರ್ಲಿಂಗನು ಜನರನ್ನು ಹೆದರಿಸುವುದಕ್ಕಾಗಿ ಲೇಖನಿಯನ್ನು ಹಿಡಿದವನಲ್ಲ. ೧೯೫೫ರಲ್ಲಿ ಮಿಸಿಸಿಪಿ ಸಂಸ್ಥಾನದಲ್ಲಿ ಎಮ್ಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕಪ್ಪು ಜನಾಂಗದ ಬಾಲಕನನ್ನು ಬಿಳಿಯರು ಕೊಂದುದನ್ನು ಮನಸ್ಸಿನಲ್ಲಿಟ್ಟುಕೊಂಡು ಅವನು ದೂರದರ್ಶನಕ್ಕೆ ನಾಟಕವನ್ನು ಬರೆದಾಗ, ಜಾಹೀರಾತು ಕೊಡುವ ವರ್ತಕರಿಗೆ ಅಳುಕಿ, ನೆಲ ಜನ ಮಾತುಗಳನ್ನೆಲ್ಲ ಬದಲಾಯಿಸಿ, ಕಥೆಯ ಗುರುತೇ ಸಿಕ್ಕದಂತೆ ಮಾಡಿದರು. ನೇರವಾಗಿ ಹೇಳಲು ಬಿಡದುದನ್ನು ಅದ್ಭುತದ ಮರೆಯಲ್ಲಿ ನಿಂತು ಹೇಳಬಹುದೆಂದು ಅವನು ಕಂಡುಕೊಂಡ ದಾರಿಯೇ ಈ ಮಾಲೆ.

ಆಲಂಕಾರಿಕರು ಧ್ವನಿಯೆಂದು ಕರೆದುದು ಇದನ್ನೇ. ೧೯೬೦ರಲ್ಲಿ ಪ್ರಸಾರವಾದ, ಮೇಪಲ್ ಬೀದಿಯ ಕಥೆಯನ್ನು ನೋಡಿರಿ. ಒಂದು ಸಂಜೆ ಬೀದಿಯ ದೀಪಗಳು ಆರುತ್ತವೆ. ಬೇರೊಂದು ಲೋಕದವರು ಮನುಷ್ಯವೇಷದಿಂದ ತಮ್ಮ ನಡುವೆ ಇರುವರೆಂಬ ಶಂಕೆ ಹುಟ್ಟುತ್ತದೆ. ನೆರೆಯವನು ನೆರೆಯವನನ್ನೇ ಗುಂಡಿಕ್ಕಿ ಕೊಲ್ಲುತ್ತಾನೆ. ವಾಚ್ಯಾರ್ಥವು ಲೋಕಾಂತರದವರ ವೃತ್ತಾಂತ. ವ್ಯಂಗ್ಯಾರ್ಥವು ಸಜ್ಜನರೆನಿಸಿಕೊಂಡವರ ಎದೆಯಲ್ಲಿ ಅಡಗಿರುವ ದ್ವೇಷ. ಈ ವ್ಯಂಗ್ಯಾರ್ಥವೇ ಮಾಲೆಯ ಜೀವವಲ್ಲದೆ ವಿಕಾರರೂಪಗಳಾಗಲಿ ಭೂತಪ್ರೇತಗಳಾಗಲಿ ಅಲ್ಲ.

ಇಂತಹ ಕಥೆಗೆ ಕಿರಿದಾದ ದೇಹವೇ ಒಪ್ಪುತ್ತದೆ. ಅಮರುಕನ ಒಂದೊಂದು ಮುಕ್ತಕವೂ ಇಡಿಯ ಪ್ರಬಂಧದಂತೆ ರಸವನ್ನು ಸುರಿಸುವುದೆಂದು ಆನಂದವರ್ಧನನು ಧ್ವನ್ಯಾಲೋಕದಲ್ಲಿ ಒಪ್ಪಿರುವನು. ಮುಕ್ತಕವನ್ನು ಹಿಗ್ಗಿಸಿ ಮಹಾಕಾವ್ಯವನ್ನು ಮಾಡಬೇಕೆಂದು ಮಾತ್ರ ಅವನು ಹೇಳಲಿಲ್ಲ. ಮಾಲೆಯ ಒಂದು ಕಥೆಯು ಜಾಹೀರಾತಿನ ಕಾಲವನ್ನೂ ಕೂಡಿಸಿಕೊಂಡು ಅರ್ಧ ಗಂಟೆಯೊಳಗೆ ಮುಗಿಯುತ್ತಿತ್ತು. ೧೯೬೧ರ ‘ದಿ ಇನ್ವೇಡರ್ಸ್’ ಎಂಬ ಕಥೆಯಲ್ಲಿ ಇರುವುದು ಒಂದು ಗುಡಿಸಲು, ಒಬ್ಬ ನಟಿ, ಕಪ್ಪುಬಿಳುಪಿನ ನೆರಳುಗಳು. ಆ ನಟಿಯು ಒಂದು ಮಾತನ್ನೂ ಆಡುವುದಿಲ್ಲ. ಅದರ ಕೊನೆಯ ತಿರುವನ್ನು ನೋಡಿದವರು ಅದನ್ನು ಮರೆಯಲಾರರು. ಕಥೆಗಳನ್ನು ಬೆಳೆಸಿದರೆ ಏನಾಗುವುದೆಂಬುದನ್ನು ಮಾಲೆಯೇ ಒಮ್ಮೆ ಪರೀಕ್ಷಿಸಿ ನೋಡಿತು. ೧೯೬೩ರ ನಾಲ್ಕನೆಯ ಆವೃತ್ತಿಯಲ್ಲಿ ೧೮ ಕಥೆಗಳನ್ನು ಒಂದೊಂದು ಗಂಟೆಗೆ ಹಿಗ್ಗಿಸಿದರು. ಬಿಗಿಯು ಸಡಿಲವಾಯಿತೆಂಬುದೇ ಬಹುಮಂದಿ ನೋಟಕರ ಅಭಿಪ್ರಾಯ. ಐದನೆಯ ಆವೃತ್ತಿಯಲ್ಲಿ ಮಾಲೆಯು ಮತ್ತೆ ಅರ್ಧ ಗಂಟೆಗೇ ಮರಳಿತು. ಇಷ್ಟು ಸ್ಪಷ್ಟವಾದ ಪಾಠವು ಎದುರಿಗಿದ್ದರೂ ಇಪ್ಪತ್ತು ವರ್ಷಗಳ ತರುವಾಯ ಬಂದವರು ಅದನ್ನು ಓದಲಿಲ್ಲ.

ಸರ್ಲಿಂಗನು ೧೯೭೫ರಲ್ಲಿ ತೀರಿಕೊಂಡನು. ವಾರ್ನರ್ ಬ್ರದರ್ಸ್ ಸಂಸ್ಥೆಯ ಚಲಚ್ಚಿತ್ರಕ್ಕೆ ಜಾನ್ ಲ್ಯಾಂಡಿಸ್, ಸ್ಟೀವನ್ ಸ್ಪಿಲ್‌ಬರ್ಗ್, ಜೋ ಡಾಂಟೆ, ಜಾರ್ಜ್ ಮಿಲ್ಲರ್ ಎಂಬ ನಾಲ್ವರು ನಿರ್ದೇಶಕರಾದರು. ನಾಲ್ಕು ಕಥೆಗಳಲ್ಲಿ ಮೂರು ಮಾಲೆಯಿಂದ ತೆಗೆದುಕೊಂಡವು, ಒಂದು ಹೊಸದು. ಇವನ್ನು ಕಟ್ಟುವ ಸೂತ್ರವೇನು? ರಾತ್ರಿಯ ಹೊತ್ತು ಮೋಟಾರುಗಾಡಿಯಲ್ಲಿ ಹೋಗುತ್ತಿರುವ ಇಬ್ಬರು ಹಳೆಯ ದೂರದರ್ಶನದ ಹಾಡುಗಳನ್ನು ಹೇಳಿಕೊಂಡು ಹರಟೆ ಹೊಡೆಯುವುದು, ಅವರಲ್ಲೊಬ್ಬನು ಒಮ್ಮೆಗೇ ರಾಕ್ಷಸನಾಗುವುದು, ಇಷ್ಟೇ ಪೀಠಿಕೆ. ಕೊನೆಯಲ್ಲಿಯೂ ಅದೇ ಪರಿಹಾಸ್ಯವು ಮರಳುತ್ತದೆ. ಮಾಲೆಯಲ್ಲಿ ಸರ್ಲಿಂಗನು ತಾನೇ ತೆರೆಯ ಮೇಲೆ ಬಂದು, ನೋಟಕನ ಮುಂದೆ ಒಂದು ಧರ್ಮಪ್ರಶ್ನೆಯನ್ನಿಟ್ಟು ಹಿಂದೆ ಸರಿಯುತ್ತಿದ್ದನು. ಬೇತಾಳಪಂಚವಿಂಶತಿಯನ್ನು ಓದಿದವರಿಗೆ ಈ ಮರ್ಮವು ಹೊಸದಲ್ಲ. ಅಲ್ಲಿ ಕಥೆಗಳನ್ನು ಹೊಲಿದಿರುವುದು ರಾಜನ ಹೆಗಲ ಮೇಲಿನ ಹೆಣವಲ್ಲ. ಪ್ರತಿಯೊಂದು ಕಥೆಯ ತುದಿಯಲ್ಲಿರುವ, ಉತ್ತರಿಸದೆ ಬಿಡಲಾಗದ ಪ್ರಶ್ನೆ. ಚಲಚ್ಚಿತ್ರಕಾರರು ಪ್ರಶ್ನೆಯನ್ನು ಬಿಟ್ಟು ಬೇತಾಳನನ್ನು ಮಾತ್ರ ಉಳಿಸಿಕೊಂಡರು.

ಬಿಡಿಕಥೆಗಳನ್ನು ಚಲಚ್ಚಿತ್ರದಲ್ಲಿ ಹೊಂದಿಸುವುದೇ ಅಸಾಧ್ಯವೆನ್ನುವಂತೆಯೂ ಇಲ್ಲ. ೧೯೪೫ರಲ್ಲಿ ಇಂಗ್ಲೆಂಡಿನಲ್ಲಿ ತಯಾರಾದ ‘ಡೆಡ್ ಆಫ್ ನೈಟ್’ ಎಂಬ ಚಿತ್ರದಲ್ಲಿ, ಹಳ್ಳಿಯ ಮನೆಯೊಂದಕ್ಕೆ ಬಂದ ವಾಸ್ತುಶಿಲ್ಪಿಯು ಅಲ್ಲಿದ್ದವರನ್ನೆಲ್ಲ ಮೊದಲೇ ಕನಸಿನಲ್ಲಿ ಕಂಡಿರುತ್ತಾನೆ. ಅವರು ಹೇಳುವ ಕಥೆಗಳೆಲ್ಲವೂ ಆ ಕನಸಿನ ಸುಳಿಯಲ್ಲೇ ಸೇರುತ್ತವೆ. ಅಲ್ಲಿ ಚೌಕಟ್ಟೇ ಒಂದು ಕಥೆ.

ಇನ್ನು ಮಾಲೆಯಿಂದ ತಂದ ಕಥೆಗಳ ಗತಿಯನ್ನು ನೋಡಬೇಕು. ೧೯೬೨ರ ‘ಕಿಕ್ ದಿ ಕ್ಯಾನ್’ ಎಂಬ ಕಥೆಯಲ್ಲಿ ವೃದ್ಧಾಶ್ರಮದ ಮುದುಕರು ಬಾಲ್ಯದ ಆಟವನ್ನಾಡಿ ನಿಜವಾಗಿಯೂ ಮಕ್ಕಳಾಗಿ ಕತ್ತಲೆಯಲ್ಲಿ ಓಡಿಹೋಗುತ್ತಾರೆ. ನಂಬದೆ ಹಿಂದುಳಿದ ಒಬ್ಬ ವೃದ್ಧನು ತನ್ನ ಜೀವದ ಗೆಳೆಯನನ್ನು ಕೂಗಿದರೆ, ಮಗುವಾದ ಆ ಗೆಳೆಯನಿಗೆ ಅವನ ಗುರುತೇ ಸಿಕ್ಕುವುದಿಲ್ಲ. ಆ ಒಂದು ಕ್ಷಣದಲ್ಲಿ ಕರುಣವೂ ಅದ್ಭುತವೂ ಬೆರೆತಿವೆ. ಸ್ಪಿಲ್‌ಬರ್ಗನ ಚಿತ್ರದಲ್ಲಿ ಮುದುಕರು ಮಕ್ಕಳಾದ ಮೇಲೆ, ಒಬ್ಬನ ಹೊರತು ಉಳಿದವರೆಲ್ಲರೂ ಹೊಸ ಉತ್ಸಾಹದಿಂದ ಮತ್ತೆ ಮುದುಕರೇ ಆಗಲೊಪ್ಪುತ್ತಾರೆ. ಹಿಂದುಳಿದವನಿಗೂ ಕೊನೆಗೆ ಆಟದ ಸುಖವು ದೊರೆಯುತ್ತದೆ. ಯಾರಿಗೂ ಏನೂ ನಷ್ಟವಿಲ್ಲ. ನಷ್ಟವಿಲ್ಲದೆಡೆಯಲ್ಲಿ ಕರುಣರಸಕ್ಕೆ ಆಶ್ರಯವೆಲ್ಲಿ?

೧೯೬೧ರ ‘ಇಟ್ಸ್ ಎ ಗುಡ್ ಲೈಫ್’ ಕಥೆಯ ಪಾಡು ಇದಕ್ಕಿಂತ ಶೋಚನೀಯ. ಜೆರೋಮ್ ಬಿಕ್ಸ್‌ಬಿಯ ಕಥೆಯನ್ನು ಆಧರಿಸಿ ಸರ್ಲಿಂಗನು ಬರೆದ ಈ ಕಥೆಯಲ್ಲಿ ಆರು ವರ್ಷದ ಹುಡುಗನೊಬ್ಬನಿಗೆ ಮನಸ್ಸಿನಿಂದಲೇ ಏನನ್ನಾದರೂ ಮಾಡುವ ಶಕ್ತಿಯುಂಟು. ತನಗೆ ಸೊಗಸದವರನ್ನು ಅವನು ಇಲ್ಲವಾಗಿಸುತ್ತಾನೆ. ಊರಿನವರು ಅವನು ಮಾಡಿದುದನ್ನೆಲ್ಲ ಒಳ್ಳೆಯದಾಯಿತೆಂದು ನಗುತ್ತ ಹೊಗಳುತ್ತಲೇ ಇರಬೇಕು. ನಿರಂಕುಶಪ್ರಭುತ್ವವನ್ನು, ಅದನ್ನು ಪೋಷಿಸುವ ಹೇಡಿತನವನ್ನು ಇಷ್ಟು ಸ್ವಲ್ಪದರಲ್ಲಿ ತೋರಿಸಿದ ಕೃತಿಗಳು ವಿರಳ. ಡಾಂಟೆಯ ಚಿತ್ರದಲ್ಲಿ ಉಪಾಧ್ಯಾಯಿನಿಯೊಬ್ಬಳು ಬಂದು ಹುಡುಗನಿಗೆ ಬುದ್ಧಿ ಕಲಿಸಲೊಪ್ಪುತ್ತಾಳೆ, ದಾರಿಯ ಇಕ್ಕೆಲಗಳಲ್ಲಿಯೂ ಹೂಗಳು ಅರಳುತ್ತವೆ. ವಿದ್ಯೆಯ ಮಹಿಮೆಯನ್ನು ಅಲ್ಲಗಳೆಯತಕ್ಕವರಾರು? ಆದರೆ ಹೊಗಳಿಕೆಯಿಂದ ಕೊಬ್ಬಿದ ದೊರೆಯನ್ನು ಪಾಠಕ್ಕೆ ಹಾತೊರೆಯುವ ಬಾಲಕನನ್ನಾಗಿ ಮಾಡುವುದು ವಿದ್ಯೆಯ ಪ್ರಶಂಸೆಯಲ್ಲ, ಸತ್ಯದ ಮರೆಮಾಚಿಕೆ.

ನಾಲ್ಕರಲ್ಲಿ ಹೊಸತಾದ ಲ್ಯಾಂಡಿಸನ ಕಥೆಯಲ್ಲಿ ಯಹೂದ್ಯರನ್ನೂ ಕಪ್ಪು ಜನರನ್ನೂ ಏಷ್ಯಾದವರನ್ನೂ ಹಳಿಯುವ ಒಬ್ಬ ಬಿಳಿಯನು, ನಾಜಿಗಳ ಕೈಯಲ್ಲಿ ಯಹೂದ್ಯನಾಗಿಯೂ, ಅಮೆರಿಕಾದ ದಕ್ಷಿಣದಲ್ಲಿ ಕಪ್ಪು ಮನುಷ್ಯನಾಗಿಯೂ, ವಿಯೆಟ್ನಾಮಿನ ಯುದ್ಧಭೂಮಿಯಲ್ಲಿ ಅಲ್ಲಿಯವನಾಗಿಯೂ ಬೇಟೆಗೆ ಗುರಿಯಾಗುತ್ತಾನೆ. ಇದರ ಬೀಜವು ಸರ್ಲಿಂಗನಲ್ಲಿಯೇ ಇತ್ತು. ೧೯೬೧ರ ‘ಎ ಕ್ವಾಲಿಟಿ ಆಫ್ ಮರ್ಸಿ’ ಎಂಬ ಕಥೆಯಲ್ಲಿ, ಗುಹೆಯಲ್ಲಿರುವ ಗಾಯಾಳು ಜಪಾನೀಯರನ್ನು ಕೊಲ್ಲಲಾತುರನಾದ ಅಮೆರಿಕಾದ ಸೇನಾಧಿಕಾರಿಯು ತಾನೇ ಜಪಾನೀಯನಾಗಿ, ಗಾಯಾಳು ಅಮೆರಿಕನ್ನರ ಮೇಲೆ ಬೀಳಬೇಕಾದ ಸ್ಥಿತಿಗೆ ಬರುತ್ತಾನೆ. ಒಂದು ಗುಹೆ, ಕೆಲವರು ಸೈನಿಕರು, ಒಂದು ಮುಖದಲ್ಲಿ ಮೂಡುವ ಅರಿವು. ಸರ್ಲಿಂಗನಿಗೆ ಅಷ್ಟೇ ಸಾಕಾಯಿತು. ಲ್ಯಾಂಡಿಸನ ಚಿತ್ರಕ್ಕೆ ಉರಿಯುವ ಹಳ್ಳಿ, ಸಿಡಿಯುವ ಮದ್ದು, ತಲೆಯ ಮೇಲೆ ತೂಗುವ ಹೆಲಿಕಾಪ್ಟರು ಬೇಕಾದವು.

೧೯೮೨ರ ಜುಲೈ ೨೩ರಂದು, ನಡುರಾತ್ರಿ ಕಳೆದು ಎರಡು ಗಂಟೆಯ ಮೇಲೆ, ಲಾಸ್ ಏಂಜಲೀಸಿಗೆ ಸಮೀಪದ ಇಂಡಿಯನ್ ಡ್ಯೂನ್ಸ್ ಎಂಬಲ್ಲಿ ನಟನಾದ ವಿಕ್ ಮಾರೋ ಎಂಬಾತನು ಇಬ್ಬರು ಮಕ್ಕಳನ್ನು ಎತ್ತಿಕೊಂಡು ಹೊಳೆಯನ್ನು ದಾಟುವ ದೃಶ್ಯವನ್ನು ಚಿತ್ರಿಸುತ್ತಿದ್ದರು. ಸ್ಫೋಟಗಳ ಪೆಟ್ಟಿನಿಂದ ಹೆಲಿಕಾಪ್ಟರು ಹತೋಟಿತಪ್ಪಿ ಅವರ ಮೇಲೆಯೇ ಉರುಳಿತು. ಮೂವರೂ ಅಲ್ಲಿಯೇ ಮಡಿದರು. ಮಕ್ಕಳಲ್ಲಿ ಒಂದಕ್ಕೆ ಏಳು ವರ್ಷ, ಇನ್ನೊಂದಕ್ಕೆ ಆರು. ಅವರನ್ನು ಕೆಲಸಕ್ಕೆ ತಂದುದು ಸರಕಾರದ ಅನುಮತಿಯಿಲ್ಲದೆ, ಮಕ್ಕಳ ದುಡಿಮೆಯ ಬಗೆಗಿನ ಶಾಸನಕ್ಕೆ ವಿರುದ್ಧವಾಗಿ.

ಇಲ್ಲಿ ಪೂರ್ವಪಕ್ಷಿಗಳು ಹೇಳುವುದೇನೆಂದರೆ: ಅದು ಆಕಸ್ಮಿಕ, ನಿರ್ದೇಶಕನೂ ಉಳಿದ ನಾಲ್ವರು ಆಪಾದಿತರೂ ೧೯೮೭ರಲ್ಲಿ ನಿರ್ದೋಷಿಗಳೆಂದು ತೀರ್ಪಾಯಿತು, ಇದಕ್ಕೂ ಕಲಾವಿಮರ್ಶೆಗೂ ಸಂಬಂಧವಿಲ್ಲ. ನ್ಯಾಯಸ್ಥಾನವು ಮುಗಿಸಿದ ವ್ಯವಹಾರವನ್ನು ಸಾಹಿತ್ಯಪತ್ರಿಕೆಯು ಮತ್ತೆ ತೆರೆಯತಕ್ಕದ್ದಲ್ಲವೆಂಬುದು ದಿಟ. ವಿಮರ್ಶೆಯು ಕೇಳುವುದು ಬೇರೆ: ಆ ದೃಶ್ಯವು ಕಥೆಗೆ ಬೇಕಾಗಿತ್ತೇ? ದ್ವೇಷಿಯಾದವನಿಗೆ ಮಕ್ಕಳನ್ನು ರಕ್ಷಿಸುವುದರ ಮೂಲಕ ಪಶ್ಚಾತ್ತಾಪವು ಒದಗಲೆಂದು ಅದನ್ನು ಹೆಣೆದರೆಂಬುದು ಅವರ ಸಮಾಧಾನ. ಪಶ್ಚಾತ್ತಾಪಕ್ಕೆ ಮದ್ದುಗುಂಡುಗಳು ಬೇಕಿಲ್ಲವೆಂದು ಸರ್ಲಿಂಗನು ಆಗಲೇ ತೋರಿಸಿಕೊಟ್ಟಿದ್ದನು. ಕೊನೆಗೆ ಆ ದೃಶ್ಯವನ್ನು ಬಿಟ್ಟೇ ಚಿತ್ರವು ತೆರೆಗೆ ಬಂದಿತು. ಯುದ್ಧ ಮರಣಾದಿಗಳನ್ನು ರಂಗದ ಮೇಲೆ ಪ್ರತ್ಯಕ್ಷವಾಗಿ ತೋರಿಸದೆ ಸೂಚನೆಯಿಂದ ತಿಳಿಸಬೇಕೆಂದು ಭರತಮುನಿಯು ವಿಧಿಸಿದುದನ್ನು ಹಳೆಯ ಕಟ್ಟಳೆಯೆಂದು ನಗುವವರು, ಸೂಚನೆಯನ್ನು ತೊರೆದು ಪ್ರತ್ಯಕ್ಷವನ್ನೇ ಬಯಸಿದ ಈ ಆಡಂಬರಕ್ಕೆ ತೆತ್ತ ಬೆಲೆಯನ್ನು ಎಣಿಸಿ ನೋಡಲಿ. ಪರರ ನೋವನ್ನು ಅರಿಯಬೇಕೆಂದು ಸಾರಹೊರಟ ಕಥೆಯ ತಯಾರಿಕೆಯಲ್ಲಿ, ತಮ್ಮ ಪಾಡನ್ನು ತಾವೇ ವಿಚಾರಿಸಲಾರದ ಎರಡು ಹಸುಮಕ್ಕಳು ಹೋದರೆಂಬುದು ಆ ಚಿತ್ರದ ಮೇಲಿನ ಎಲ್ಲ ಟೀಕೆಗಳಿಗಿಂತಲೂ ದೊಡ್ಡ ಟೀಕೆ.

ಮಿಲ್ಲರನ ಕಥೆಯು ಮೂಲವನ್ನು ಮೀರಿಸಿತಲ್ಲವೇ ಎಂಬುದು ಇನ್ನೊಂದು ಪೂರ್ವಪಕ್ಷ. ರಿಚರ್ಡ್ ಮ್ಯಾಥಿಸನನು ಬರೆದ, ೧೯೬೩ರಲ್ಲಿ ಮಾಲೆಯಲ್ಲಿ ಬಂದ ಈ ವಿಮಾನದ ಕಥೆಯಲ್ಲಿ, ರೆಕ್ಕೆಯನ್ನು ಕೀಳುತ್ತಿರುವ ವಿಕಾರಜೀವಿಯು ಒಬ್ಬ ಪ್ರಯಾಣಿಕನಿಗೆ ಮಾತ್ರ ಕಾಣುತ್ತದೆ. ಮಾಲೆಯಲ್ಲಿ ಆ ಜೀವಿಯು ತುಪ್ಪುಳಿನ ಅಂಗಿ ತೊಟ್ಟ ಮನುಷ್ಯನಂತೆ ಕಾಣುತ್ತಿತ್ತು. ಮಿಲ್ಲರನಲ್ಲಿ ಅದು ನಿಜವಾಗಿ ಭಯಾನಕ. ಜಾನ್ ಲಿತ್‌ಗೋನ ಅಭಿನಯವೂ ಶ್ಲಾಘ್ಯ. ಇದೆಲ್ಲವನ್ನೂ ಒಪ್ಪಬಹುದು. ಆದರೆ ಅದು ಗೆದ್ದುದು ಏತರಿಂದ? ಒಂದೇ ವಿಮಾನ, ಒಂದೇ ರಾತ್ರಿ, ಒಬ್ಬನ ಕಣ್ಣು. ಹೇಳುವುದು ನಿಜವಾದರೂ ಯಾರೂ ನಂಬದ ಮನುಷ್ಯನ ಸಂಕಟ. ಮಾಲೆಯ ಕಟ್ಟನ್ನು ಮುರಿಯದುದರಿಂದಲೇ ಅದು ಗೆದ್ದಿತು. ಪೂರ್ವಪಕ್ಷಿಗಳು ತಂದ ಸಾಕ್ಷಿಯು ಸಿದ್ಧಾಂತಕ್ಕೇ ಅನುಕೂಲವಾಯಿತು.

ಆದುದರಿಂದ ಇಂತಹ ಮಾಲೆಗಳನ್ನು ಇನ್ನು ಮುಂದೆಯೂ ದೊಡ್ಡ ತೆರೆಗೆ ತರಬಯಸುವವರು ಗಮನಿಸತಕ್ಕದ್ದಿಷ್ಟು. ಕಥೆಯ ಕಹಿಯನ್ನು ಸಕ್ಕರೆಯಿಂದ ಮುಚ್ಚಬಾರದು; ಬಿಡಿಕಥೆಗಳನ್ನು ಪೋಣಿಸುವುದಾದರೆ ಸೂತ್ರದಲ್ಲಿಯೂ ಅರ್ಥವಿರಬೇಕು; ಸೂಚನೆಯಿಂದ ಸಿದ್ಧಿಸುವುದನ್ನು ಆಡಂಬರದಿಂದ ಸಾಧಿಸಹೋಗಬಾರದು. ಇವು ಕೂಡದಿದ್ದಲ್ಲಿ ಮಾಲೆಯನ್ನು ಅದಿದ್ದಂತೆಯೇ ಬಿಡುವುದು ಮೇಲು. ಆ ೧೫೬ ಕಥೆಗಳು ಇಂದಿಗೂ ನೋಡಲು ದೊರೆಯುತ್ತವೆ. ಮನೆಯ ಚಿಕ್ಕ ತೆರೆಯ ಮೇಲೆ ಅವು ಮಾಡುವ ಕೆಲಸವನ್ನು, ಅಷ್ಟು ಹಣ ಸುರಿದು, ಅಷ್ಟು ಬೆಲೆ ತೆತ್ತು, ದೊಡ್ಡ ತೆರೆಯು ಮಾಡಲಾರದೆ ಹೋಯಿತು.