ಹೊಸ ಲಾರಿಗೂ ಒಂದು ಬಾಣಂತನ



ಮನೆಯಂಗಳಕ್ಕೆ ಹೊಸ ಲಾರಿ ಬಂದು ನಿಂತ ದಿನದ ಸಂಭ್ರಮವನ್ನು ನಿಮಗೆ ವಿವರಿಸಬೇಕಾಗಿಲ್ಲ. ದುಆ ಮಾಡಿಸುತ್ತೇವೆ, ನೆರೆಮನೆಗಳಿಗೆ ಸಿಹಿ ಹಂಚುತ್ತೇವೆ. ಆದರೆ ಆ ಲಾರಿಯ ಮುಂಗಡದಲ್ಲಿ ನಿಮ್ಮ ಎರಡು ಬಳೆಗಳೂ ಅಣ್ಣ ಕೊಟ್ಟ ಕೈಸಾಲವೂ ಸೇರಿವೆ ಎಂಬುದು ಸಿಹಿ ತಿಂದವರಿಗೆ ಗೊತ್ತಿರುವುದಿಲ್ಲ. ಆದ್ದರಿಂದ ಇಂಜಿನ್ ಗಂಡಸರ ವಿಷಯ, ನಮಗೇಕೆ ಎಂದು ಈ ಪುಟವನ್ನು ಮಗುಚಬೇಡಿ.

ಹೊಸ ಅರೆಯುವ ಕಲ್ಲು ತಂದ ದಿನವೇ ನಾವು ಅದರಲ್ಲಿ ಮೀನಿನ ಮಸಾಲೆ ಅರೆಯುವುದಿಲ್ಲ. ಮೊದಲು ಅಕ್ಕಿಯನ್ನೋ ತೌಡನ್ನೋ ಹಾಕಿ ಅರೆದು ಕಲ್ಲನ್ನು ಪಳಗಿಸುತ್ತೇವೆ. ಹೊಸ ಇಂಜಿನ್ನಿನ ಕಥೆಯೂ ಇದೇ. ಸಿಲಿಂಡರಿನ ಒಳಗೋಡೆಯಲ್ಲಿ ಕಾರ್ಖಾನೆಯವರು ಬೇಕೆಂದೇ ಮಾಡಿದ ಸಣ್ಣ ಸಣ್ಣ ಓರೆ ಗೀರುಗಳಿರುತ್ತವೆ. ಎಣ್ಣೆ ಅಲ್ಲಿ ನಿಲ್ಲಬೇಕು. ಪಿಸ್ಟನ್ನಿಗೆ ತೊಡಿಸಿದ ರಿಂಗುಗಳು ಆ ಗೋಡೆಗೆ ಉಜ್ಜುತ್ತಾ ಉಜ್ಜುತ್ತಾ ಅದಕ್ಕೆ ಹೊಂದಿಕೊಂಡು ಕೂರುತ್ತವೆ. ಡ್ರೈವರುಗಳು 'ಇಂಜಿನ್ ಸೆಟ್ ಆಗುವುದು' ಎನ್ನುವುದು ಇದಕ್ಕೇ. ರಿಂಗ್ ಸರಿಯಾಗಿ ಕೂರದಿದ್ದರೆ ಎಣ್ಣೆ ಮೇಲೇರಿ ಡೀಸೆಲಿನ ಜೊತೆ ಉರಿದುಹೋಗುತ್ತದೆ, ಎಳೆಯುವ ಶಕ್ತಿ ಕುಗ್ಗುತ್ತದೆ. ಹಾಗೆ ಕೆಟ್ಟದ್ದನ್ನು ಸರಿಪಡಿಸಲು ಇಂಜಿನ್ ಬಿಚ್ಚಬೇಕಾಗುತ್ತದೆ.

ಸಾಮಾನ್ಯವಾಗಿ ಮೊದಲ ಒಂದೆರಡು ಸಾವಿರ ಕಿಲೋಮೀಟರ್ ಈ ಪಳಗಿಸುವ ಕಾಲ. ನಿಮ್ಮ ಗಾಡಿಗೆ ಎಷ್ಟೆಂಬುದು ಅದರ ಜೊತೆ ಬಂದ ಕೈಪಿಡಿಯಲ್ಲಿರುತ್ತದೆ. ಅದೇ ಅಂತಿಮ ಮಾತು. ಆ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲೇ ಬಿಡದೆ ಒಮ್ಮೆ ಓದಿ, ಮನೆಯವರಿಗೂ ಓದಿ ಹೇಳಿ.

ಈ ಅವಧಿಯಲ್ಲಿ ಎರಡು ಬಗೆಯ ತಪ್ಪುಗಳಾಗುತ್ತವೆ. ಮೊದಲನೆಯದು ದುರಾಸೆ. ಗಾಡಿ ಬಂದ ಮರುದಿನವೇ ಕಂಠಮಟ್ಟ ಕೆಂಪು ಕಲ್ಲು ಹೇರಿ ಶಿರಾಡಿ ಘಾಟಿ ಹತ್ತಿಸುವುದು, ಗೇರ್ ಇಳಿಸದೆ ಇಂಜಿನ್ ಕೊಸರಾಡುವಂತೆ ಎಳೆಸುವುದು, ಆಕ್ಸಿಲರೇಟರ್ ಪೂರ್ತಿ ತುಳಿಯುವುದು. ಎರಡನೆಯದು ಅತಿ ಮುದ್ದು. ಗಾಡಿಯನ್ನು ಖಾಲಿಯಾಗಿಯೇ ಓಡಿಸುವುದು, ಬೆಳಿಗ್ಗೆ ಅರ್ಧ ಗಂಟೆ ನಿಂತಲ್ಲೇ ಚಾಲೂ ಇಡುವುದು. ಇದೂ ಒಳ್ಳೆಯದಲ್ಲ. ರಿಂಗುಗಳು ಗೋಡೆಗೆ ಒತ್ತಿ ಕೂರಬೇಕಾದರೆ ಇಂಜಿನ್ನಿಗೆ ಸ್ವಲ್ಪ ಕೆಲಸ ಬೇಕು. ಸಾಧಾರಣ ಹೊರೆ ಹಾಕಿ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸದೆ, ವೇಗವನ್ನು ಆಗಾಗ ಬದಲಿಸುತ್ತಾ ಓಡಿಸುವುದೇ ಮಧ್ಯಮ ಮಾರ್ಗ. ಬಾಣಂತಿಯನ್ನು ನಲ್ವತ್ತು ದಿನ ಭಾರ ಎತ್ತಲು ಬಿಡುವುದಿಲ್ಲ, ಹಾಗೆಂದು ಹಾಸಿಗೆಯಲ್ಲೇ ಕಟ್ಟಿಹಾಕುವುದೂ ಇಲ್ಲ, ಅಲ್ಲವೇ?

ಇನ್ನು ನೀವು ಮಾಡಬಹುದಾದ ಕೆಲಸ. ಮನೆಯಲ್ಲಿ ಹಾಲಿನ ಲೆಕ್ಕಕ್ಕೆ ಪುಸ್ತಕವಿದ್ದಂತೆ ಲಾರಿಗೂ ಒಂದು ಪುಸ್ತಕವಿಡಿ. ದಿನದ ಕಿಲೋಮೀಟರ್, ಹಾಕಿದ ಡೀಸೆಲ್, ಸರ್ವಿಸಿನ ತಾರೀಕು ಬರೆಯಿರಿ. ಬೆಳಿಗ್ಗೆ ಸಮತಟ್ಟು ಜಾಗದಲ್ಲಿ, ಸ್ಟಾರ್ಟ್ ಮಾಡುವ ಮೊದಲು ಎಣ್ಣೆಯ ಕಡ್ಡಿ ನೋಡಲು ನೆನಪಿಸಿ. ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಮೇಲಿನ ಗುರುತು ದಾಟುವುದೂ ತಪ್ಪು. ಹಾಗೆಯೇ ಕೂಲೆಂಟ್ ನೋಡಲಿ, ಇಂಜಿನ್ ಬಿಸಿಯಿರುವಾಗ ಮಾತ್ರ ಮುಚ್ಚಳ ತೆರೆಯಬಾರದು. ರಾತ್ರಿ ಗಾಡಿ ನಿಂತಿದ್ದ ಜಾಗದಲ್ಲಿ ಎಣ್ಣೆಯ ಹನಿ ಬಿದ್ದಿದೆಯೇ ಎಂದು ನೋಡಲು ಅಂಗಳ ಗುಡಿಸುವ ನಿಮಗಿಂತ ಚೆನ್ನಾಗಿ ಯಾರಿಗೆ ಸಾಧ್ಯ? ಹೊಸ ಗಾಡಿಯ ಚಕ್ರದ ನಟ್ಟುಗಳು ಆರಂಭದ ಓಡಾಟದಲ್ಲಿ ಸಡಿಲವಾಗಬಹುದು. ಕೈಪಿಡಿ ಹೇಳಿದಷ್ಟು ದೂರ ಓಡಿದ ಮೇಲೆ ಅವನ್ನು ಬಿಗಿ ಮಾಡಿಸಬೇಕು. ಟರ್ಬೊ ಇರುವ ಇಂಜಿನ್ನಾದರೆ, ಘಾಟಿ ಹತ್ತಿ ಬಂದು ಕೂಡಲೇ ಆಫ್ ಮಾಡದೆ ಒಂದೆರಡು ನಿಮಿಷ ನಿಧಾನವಾಗಿ ತಿರುಗಲು ಬಿಡಬೇಕು.

2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಅನೇಕ ಲಾರಿಗಳಲ್ಲಿ ಡೀಸೆಲ್ ಟ್ಯಾಂಕಿನ ಪಕ್ಕ ಇನ್ನೊಂದು ಚಿಕ್ಕ ಟ್ಯಾಂಕ್ ಇದೆ. ಅದಕ್ಕೆ ಹಾಕುವುದು ಡಿಇಎಫ್, ಅಂದರೆ ಶುದ್ಧ ನೀರಿನಲ್ಲಿ 32.5 ಶೇಕಡಾ ಯೂರಿಯಾ ಕರಗಿಸಿದ ದ್ರವ. ತೋಟದ ಯೂರಿಯಾ ಕಲಸಿ ಹಾಕಿದರೆ ಅಥವಾ ಮರೆತು ಡೀಸೆಲ್ ಸುರಿದರೆ ದುಬಾರಿ ಭಾಗಗಳೇ ಹಾಳಾಗುತ್ತವೆ. ಮೊದಲ ಸರ್ವಿಸನ್ನು ಹೇಳಿದ ಸಮಯದಲ್ಲೇ ಮಾಡಿಸಿ, ಪುಸ್ತಕದಲ್ಲಿ ಮುದ್ರೆ ಹಾಕಿಸಿ, ರಶೀದಿಯನ್ನು ಕಪಾಟಿನಲ್ಲಿಡಿ. ನಾಳೆ ವಾರಂಟಿ ಕೇಳುವಾಗ ಬೇಕಾಗುವುದು ಅದೇ.

ಕೊನೆಯ ಮಾತು, ಬಹುಶಃ ಮುಖ್ಯ ಮಾತು. ಬಹಳಷ್ಟು ಗಂಡಸರಿಗೆ ಇದೆಲ್ಲ ತಿಳಿಯದ್ದಲ್ಲ. ತಿಂಗಳ ಕೊನೆಗೆ ಕಟ್ಟಬೇಕಾದ ಕಂತು, ಹಿಂತಿರುಗಿಸಬೇಕಾದ ಸಾಲ ತಲೆಯ ಮೇಲೆ ಕುಳಿತಾಗ ತಿಳಿದದ್ದೂ ಮರೆಯುತ್ತದೆ. ಆದ್ದರಿಂದ ಲಾರಿ ಕೊಳ್ಳುವ ಮಾತು ಬಂದಾಗಲೇ ಮೊದಲ ಎರಡು ತಿಂಗಳ ಖರ್ಚನ್ನು ಬೇರೆಯಾಗಿ ತೆಗೆದಿಡಲು ಹೇಳಿ. ಅದಕ್ಕಾಗಿ ಸಿಹಿಯೂಟದ ಖರ್ಚು ಕಡಿಮೆಯಾದರೂ ಆಗಲಿ. "ಈ ತಿಂಗಳು ಹೇಗಾದರೂ ನಡೆಯುತ್ತದೆ, ನೀವು ಅವಸರ ಮಾಡಬೇಡಿ" ಎಂದು ಮಡದಿ ಹೇಳುವ ಒಂದು ಮಾತು ಆ ಇಂಜಿನ್ನಿನ ಆಯಸ್ಸನ್ನು ಹೆಚ್ಚಿಸಬಲ್ಲದು.

ಒಂಟೆಯನ್ನು ಮೊದಲು ಕಟ್ಟಿಹಾಕಿ, ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ನಮ್ಮ ಅಂಗಳದಲ್ಲಿ ನಿಂತಿರುವ ಒಂಟೆಗೂ ಈ ಪಾಠ ಅನ್ವಯಿಸುತ್ತದೆ. ಬಿಸ್ಮಿ ಹೇಳಿ ಕೀಲಿ ತಿರುಗಿಸುವ ಮೊದಲು ಎಣ್ಣೆಯ ಕಡ್ಡಿ ನೋಡಿದ್ದಾರೆಯೇ ಎಂದು ನಾಳೆ ಬೆಳಿಗ್ಗೆ ಒಮ್ಮೆ ಕೇಳಿ.